ದತ್ತಿಯ ವಾರಸುದಾರರು: ಆಂಡ್ರಿಚ್‌ನ ಕಾದಂಬರಿಯ ಒಂದು ಪಾಳುಛತ್ರ

1

ಇವೊ ಆಂಡ್ರಿಚ್‌ನ ‘ದ್ರಿನಾ ನದಿಯ ಸೇತುವೆ’ (1945) ಕಾದಂಬರಿಯ ಬಗೆಗೆ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಶೀರ್ಷಿಕೆಯಲ್ಲಿರುವ ಸೇತುವೆಯನ್ನೇ ಸುತ್ತಿಕೊಂಡಿದೆ. ಅದು ಸಹಜವೂ ಹೌದು. ಬೋಸ್ನಿಯಾದ ವಿಶೆಗ್ರಾದ್ ಪಟ್ಟಣದಲ್ಲಿ 1571ರಿಂದ 1577ರ ಅವಧಿಯಲ್ಲಿ ಕಟ್ಟಲಾದ ಹನ್ನೊಂದು ಕಮಾನುಗಳ ಆ ಕಲ್ಲುಸೇತುವೆಯೇ ಕೃತಿಯ ನಾಯಕಸ್ಥಾನದಲ್ಲಿದೆ. ಮೂರೂವರೆ ಶತಮಾನಗಳ ಉದ್ದಕ್ಕೂ ಮನುಷ್ಯರು ಅದರ ಮೇಲೆ ಹಾದುಹೋಗುತ್ತಾರೆ, ಸಾಯುತ್ತಾರೆ, ಸೇತುವೆ ಉಳಿಯುತ್ತದೆ. ಆದರೆ ಸೇತುವೆಯೊಡನೆಯೇ ಹುಟ್ಟಿ, ಅದಕ್ಕಿಂತ ಬಹಳ ಮೊದಲೇ ಅಳಿದುಹೋಗುವ ಇನ್ನೊಂದು ಕಟ್ಟಡವೂ ಈ ಕಾದಂಬರಿಯಲ್ಲಿದೆ. ಅದು ಪ್ರಯಾಣಿಕರಿಗಾಗಿ ಕಟ್ಟಿದ ಕಲ್ಲಿನ ಛತ್ರ. ಅಲ್ಲಿಯ ಜನ ಅದನ್ನು ‘ಕಲ್ಲು ಹಾನ್’ ಎಂದು ಕರೆಯುತ್ತಾರೆ. ಅದರ ಕಥೆ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಆ ಪುಟಗಳ ಬಳಿ ನಿಂತು ಯೋಚಿಸಿದವರು ಕಡಿಮೆ.

ಸಾಮ್ರಾಜ್ಯಗಳು ಕುಗ್ಗಿ ಗಡಿಗಳು ಸರಿದಾಗ ಧರ್ಮದತ್ತಿಗಳು ಗಡಿಯ ಆಚೆಗೆ ಉಳಿದುಬಿಡುತ್ತವೆ. ಮಸೀದಿ, ಇಗರ್ಜಿ, ಮಠ, ಛತ್ರ, ಶಾಲೆ, ಸ್ಮಶಾನ, ಅವುಗಳ ಖರ್ಚಿಗೆಂದು ಬಿಟ್ಟ ಹೊಲಗದ್ದೆ, ಅಂಗಡಿಸಾಲುಗಳು ಬೇರೊಂದು ರಾಜ್ಯದ ಕಾನೂನಿಗೆ ಒಳಪಡುತ್ತವೆ. ತಲೆಮಾರುಗಳು ಕಳೆದ ಮೇಲೆ ಯಾವುದೋ ಒಂದು ರಾಷ್ಟ್ರ ‘ಅವು ನಮ್ಮ ಪೂರ್ವಿಕರವು’ ಎಂದು ಅವುಗಳ ಕಡೆಗೆ ಕೈಚಾಚುತ್ತದೆ. ಟರ್ಕಿ, ಗ್ರೀಸ್, ಅರ್ಮೇನಿಯನ್ನರು, ಸರ್ಬಿಯನ್ನರು, ಎಲ್ಲರ ಬಳಿಯೂ ಇಂಥ ಹಕ್ಕೊತ್ತಾಯದ ಒಂದೊಂದು ಪಟ್ಟಿ ಇದೆ. ಈ ಹಕ್ಕೊತ್ತಾಯದ ಬುಡದಲ್ಲಿರುವ ಪ್ರಶ್ನೆ ಒಂದೇ: ದತ್ತಿಯ ವಾರಸುದಾರ ಯಾರು? ಆಂಡ್ರಿಚ್‌ನ ಪಾಳುಛತ್ರ ಈ ಪ್ರಶ್ನೆಗೆ ರಾಷ್ಟ್ರಗಳು ಕೊಡುವುದಕ್ಕಿಂತ ಭಿನ್ನವಾದ ಉತ್ತರವನ್ನು ಹೊಂದಿದೆ ಎಂಬುದು ಈ ಬರಹದ ವಾದ. ಆ ಉತ್ತರದ ಪೂರ್ತಿ ದೂರವನ್ನು ಆಂಡ್ರಿಚ್ ತಾನೇ ಕ್ರಮಿಸಲಿಲ್ಲ ಎಂಬುದು ಅದರ ಎರಡನೆಯ ಭಾಗ.

2

ಕಾದಂಬರಿಯ ಆರಂಭದಲ್ಲಿಯೇ ದಾನಿಯ ಗಾಯದ ಚಿತ್ರವಿದೆ. ದ್ರಿನಾ ತೀರದ ಹಳ್ಳಿಯೊಂದರ ಕ್ರೈಸ್ತ ಬಾಲಕನನ್ನು ‘ರಕ್ತತೆರಿಗೆ’ಯಾಗಿ ಇಸ್ತಾಂಬುಲಿಗೆ ಒಯ್ಯುತ್ತಾರೆ. ಹೊಳೆ ದಾಟಿಸುವ ದೋಣಿಯ ಬಳಿ ತಾಯಂದಿರು ಹಿಂದೆ ಉಳಿಯುತ್ತಾರೆ. ಆ ಬಾಲಕನ ಎದೆಯಲ್ಲಿ ಅಂದು ಮೂಡಿದ ಕಪ್ಪುಗೆರೆಯಂಥ ನೋವು ಅವನು ಮಹಾವಜೀರನಾದ ಮೇಲೂ ಮರುಕಳಿಸುತ್ತದೆ. ಅದನ್ನು ನೀಗಿಕೊಳ್ಳಲೆಂದೇ ಅವನು ಅದೇ ಸ್ಥಳದಲ್ಲಿ ಸೇತುವೆ ಕಟ್ಟಿಸುತ್ತಾನೆ. ಚರಿತ್ರೆಯಲ್ಲಿ ಇವನು 1565ರಿಂದ 1579ರವರೆಗೆ ಮೂವರು ಸುಲ್ತಾನರ ಬಳಿ ಮಹಾವಜೀರನಾಗಿದ್ದ ಮೆಹ್ಮೆದ್ ಪಾಷಾ ಸೊಕೊಲೊವಿಚ್. ಸೇತುವೆಯ ವಿನ್ಯಾಸ ಸಿನಾನ್ ಎಂಬ ಮಹಾಶಿಲ್ಪಿಯದು.

ದಾನದ ಈ ಕರುಣಾಜನಕ ಮೂಲವನ್ನು ಹೇಳಿದ ಆಂಡ್ರಿಚ್ ಅದರ ಇನ್ನೊಂದು ಮುಖವನ್ನು ಮುಚ್ಚಿಡುವುದಿಲ್ಲ. ಸೇತುವೆಯ ಮೊದಲ ಮೇಲ್ವಿಚಾರಕ ಅಬಿದಾಗಾ ಸುತ್ತಲ ರೈತರನ್ನು ಬಿಟ್ಟಿಗೆ ದುಡಿಸುತ್ತಾನೆ, ವಜೀರ ಕಳಿಸಿದ ಕೂಲಿಯ ಹಣವನ್ನು ನುಂಗುತ್ತಾನೆ. ಕೆಲಸಕ್ಕೆ ರಾತ್ರಿ ಅಡ್ಡಿ ಮಾಡಿದ ರಾದಿಸಾವ್ ಎಂಬ ರೈತನನ್ನು ಶೂಲಕ್ಕೇರಿಸುತ್ತಾರೆ. ಅಬಿದಾಗಾನನ್ನು ತೆಗೆದುಹಾಕಿ ಆರಿಫ್ ಬೇಗನನ್ನು ನೇಮಿಸಿದ ಮೇಲಷ್ಟೇ ಕೂಲಿ ಸಲ್ಲುತ್ತದೆ. ‘ಇದು ನಮ್ಮ ಪೂರ್ವಿಕರ ದಾನ’ ಎಂದು ಮುಂದೆ ಯಾರಾದರೂ ಹೇಳುವಾಗ ಆ ಪೂರ್ವಿಕರಲ್ಲಿ ಶಾಸನದಲ್ಲಿ ಹೆಸರಿರುವವನ ಜೊತೆಗೆ ಕಲ್ಲು ಹೊತ್ತವನೂ ಸೇರಬೇಕು ಎಂಬ ಸೂಚನೆ ಇಲ್ಲಿದೆ.

ಸೇತುವೆ ಮುಗಿದ ಮೇಲೆ ಅದರ ಬದಿಯಲ್ಲಿ ಛತ್ರ ಏಳುತ್ತದೆ. ದಾರಿಹೋಕರು ರಾತ್ರಿ ಕಳೆಯಬಹುದು, ಕುದುರೆಗಳನ್ನು ಕಟ್ಟಬಹುದು, ಬಾಡಿಗೆ ಕೊಡಬೇಕಾಗಿಲ್ಲ. ಇದರ ಖರ್ಚಿಗೆ ವಜೀರ ವಕ್ಫ್ ಬಿಟ್ಟಿದ್ದಾನೆ. ಆ ವಕ್ಫಿನ ಭೂಮಿಗಳಿರುವುದು ಅಂದು ಒಟ್ಟೊಮಾನ್ ಆಳ್ವಿಕೆಯಲ್ಲಿದ್ದ ಹಂಗೇರಿಯಲ್ಲಿ. ಬೋಸ್ನಿಯಾದ ಕಣಿವೆಯಲ್ಲಿ ಮಲಗುವ ಪ್ರಯಾಣಿಕನ ದೀಪಕ್ಕೆ ಎಣ್ಣೆ ಬರುವುದು ನೂರಾರು ಮೈಲಿ ದೂರದ ಬಯಲಿನ ಬೆಳೆಯಿಂದ. ಸಾಮ್ರಾಜ್ಯ ಒಂದಾಗಿರುವವರೆಗೆ ಈ ದೂರ ಯಾರ ಗಮನಕ್ಕೂ ಬರುವುದಿಲ್ಲ.

1686ರಲ್ಲಿ ಬುಡಾ ನಗರ ಒಟ್ಟೊಮಾನರ ಕೈತಪ್ಪಿತು. 1699ರ ಕಾರ್ಲೊವಿಟ್ಜ್ ಒಪ್ಪಂದದಿಂದ ಹಂಗೇರಿಯ ಬಹುಭಾಗ ಹೋಯಿತು. ವಿಶೆಗ್ರಾದಿನ ಜನರಿಗೆ ಇದು ದೂರದ ಸುದ್ದಿ ಮಾತ್ರ. ಛತ್ರಕ್ಕೆ ಬರುವ ಹಣ ನಿಂತಾಗಲೇ ಗಡಿ ಸರಿದದ್ದು ಅವರ ಅರಿವಿಗೆ ಬರುತ್ತದೆ. ಚರಿತ್ರೆಯ ದೊಡ್ಡ ಪಲ್ಲಟವೊಂದನ್ನು ಆಂಡ್ರಿಚ್ ಯುದ್ಧವರ್ಣನೆಯ ಮೂಲಕ ಹೇಳದೆ ಸಂಬಳ ಸಿಗದ ಸೇವಕರು, ಸೋರತೊಡಗುವ ಚಾವಣಿ, ಕಟ್ಟಿಕೊಂಡ ಕಾಲುವೆ ಇವುಗಳ ಮೂಲಕ ಹೇಳುತ್ತಾನೆ. ಕಾದಂಬರಿಯ ಅತ್ಯಂತ ನಿಖರವಾದ ಚಾರಿತ್ರಿಕ ಪ್ರಜ್ಞೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಛತ್ರದ ಮುತವಲ್ಲಿ ದಾವುದ್ ಹೋಜಾ. ಮುತವಲ್ಲಿತನ ಮನೆತನದಲ್ಲಿಯೇ ನಡೆದುಬಂದುದರಿಂದ ಮುತೆವೆಲಿಚ್ ಎಂಬುದು ಅವರ ಅಡ್ಡಹೆಸರೇ ಆಗಿದೆ. ಅವನು ಅಧಿಕಾರಸ್ಥರಿಗೆ ಪತ್ರ ಬರೆಯುತ್ತಾನೆ, ಉತ್ತರವಿಲ್ಲ. ಊರವರ ನೆರವು ಕೇಳುತ್ತಾನೆ, ಅದೂ ಸಾಲದು. ಕೊನೆಗೆ ತನ್ನದೇ ಹಣ ಹಾಕುತ್ತಾನೆ, ತಾನೇ ಕೈಯಾರೆ ದುರಸ್ತಿ ಮಾಡುತ್ತಾನೆ. ಅಳಿಯಬೇಕಾದುದನ್ನು ಉಳಿಸಲು ಹೆಣಗುವುದು ವ್ಯರ್ಥವೆಂದು ಹೇಳುವವರ ಮಾತಿಗೆ ಅವನು ಕಿವಿಗೊಡುವುದಿಲ್ಲ. ಅವನ ಕಾಲ ಮುಗಿದ ಮೇಲೆ ಛತ್ರ ಪಾಳುಬೀಳುತ್ತದೆ. 1878ರ ನಂತರ ಬಂದ ಆಸ್ಟ್ರಿಯನ್ನರು ಅದರ ಜಾಗದಲ್ಲಿ ಸೈನಿಕರ ವಸತಿಯನ್ನು ಕಟ್ಟುತ್ತಾರೆ.

ಸೇತುವೆ ಉಳಿದು ಛತ್ರ ಅಳಿದದ್ದೇಕೆ? ಎರಡೂ ಒಬ್ಬನೇ ದಾನಿಯವು, ಒಂದೇ ಕಲ್ಲಿನವು. ಸೇತುವೆಗೆ ದಿನನಿತ್ಯದ ಖರ್ಚು ಇಲ್ಲ. ಅದು ಇದ್ದರೆ ಸಾಕು, ಸೇವೆ ನಡೆಯುತ್ತದೆ. ಛತ್ರಕ್ಕೆ ಕಸ ಗುಡಿಸುವ, ಬೆಂಕಿ ಉರಿಸುವ, ಹೆಂಚು ಹೊದಿಸುವ ಕೈಗಳು ಬೇಕು. ಆ ಕೈಗಳಿಗೆ ಅನ್ನ ಬೇಕು. ದತ್ತಿಯೆಂದರೆ ಕಟ್ಟಡ, ಆದಾಯ, ಪಾಲಕ, ಬಳಸುವ ಜನ ಈ ನಾಲ್ಕೂ ಸೇರಿದ ಒಂದು ವ್ಯವಸ್ಥೆ. ಅದರಲ್ಲಿ ಒಂದು ಕಡಿದರೂ ಉಳಿದ ಮೂರು ನಿಧಾನವಾಗಿ ಸಾಯುತ್ತವೆ. ಗಡಿಯಾಚೆಯ ದತ್ತಿಗಳ ಬಗೆಗಿನ ಇಂದಿನ ರಾಜಕೀಯ ಭಾಷೆ ಈ ನಾಲ್ಕರಲ್ಲಿ ಕಟ್ಟಡವನ್ನು ಮಾತ್ರ ಕಾಣುತ್ತದೆ.

3

ವಕ್ಫಿನ ಶಾಸ್ತ್ರ ಈ ವಿಷಯದಲ್ಲಿ ರಾಷ್ಟ್ರಗಳಿಗಿಂತ ಸ್ಪಷ್ಟವಾಗಿದೆ. ಒಮ್ಮೆ ವಕ್ಫ್ ಮಾಡಿದ ಆಸ್ತಿಯನ್ನು ದಾನಿ ಮರಳಿ ಪಡೆಯುವಂತಿಲ್ಲ, ಮಾರುವಂತಿಲ್ಲ. ಅವನ ಮಕ್ಕಳು ಅದನ್ನು ಪಿತ್ರಾರ್ಜಿತವಾಗಿ ಹಂಚಿಕೊಳ್ಳುವಂತಿಲ್ಲ. ಪ್ರಚಲಿತವಾದ ನಿಲುವಿನಂತೆ ಒಡೆತನ ದೇವರದು, ಫಲ ನಿಶ್ಚಿತ ಉದ್ದೇಶದ ಫಲಾನುಭವಿಗಳದು, ಮುತವಲ್ಲಿ ಕೇವಲ ನಿರ್ವಾಹಕ. ದಾನಿಯ ರಕ್ತಸಂಬಂಧಿಗೇ ಇಲ್ಲದ ಒಡೆತನ, ನಾಲ್ಕು ಶತಮಾನಗಳ ನಂತರ ದಾನಿಯ ‘ರಾಷ್ಟ್ರ’ಕ್ಕೆ ಹೇಗೆ ಬರುತ್ತದೆ?

ಅಲ್ಲದೆ ದಾನಿಯ ರಾಷ್ಟ್ರ ಯಾವುದು? ಸೊಕೊಲೊವಿಚ್ ಹುಟ್ಟಿನಿಂದ ಆರ್ಥೊಡಾಕ್ಸ್ ಕ್ರೈಸ್ತ. 1557ರಲ್ಲಿ ಪೆಚ್‌ನ ಸರ್ಬಿಯನ್ ಧರ್ಮಪೀಠ ಪುನಃ ಸ್ಥಾಪನೆಯಾದಾಗ ಅದರ ಪೀಠವೇರಿದ ಮಕಾರಿಯೆ ಅವನ ಸಂಬಂಧಿಕ. ಹೀಗಾಗಿ ಸರ್ಬಿಯನ್ನರಿಗೆ ಅವನು ಕಳೆದುಹೋದ ಮಗ. ಟರ್ಕರಿಗೆ ಅವನು ಸಾಮ್ರಾಜ್ಯದ ಉಚ್ಛ್ರಾಯಕಾಲದ ಮಹಾವಜೀರ. ಬೋಸ್ನಿಯದ ಮುಸ್ಲಿಮರಿಗೆ ತಮ್ಮ ನೆಲದವನು, ತಮ್ಮ ಧರ್ಮದವನು. ಮೂರು ಹಕ್ಕುಗಳೂ ಪೂರ್ತಿ ಸುಳ್ಳಲ್ಲ. ಯಾವುದೂ ಉಳಿದೆರಡನ್ನು ಹೊರಗಿಡುವಷ್ಟು ನಿಜವೂ ಅಲ್ಲ. ಅವನ ಕಾಲದಲ್ಲಿ ಈ ಮೂರು ರಾಷ್ಟ್ರಗಳು ಇಂದಿನ ಅರ್ಥದಲ್ಲಿ ಇರಲೇ ಇಲ್ಲ.

ಆದರೂ ಇಪ್ಪತ್ತನೆಯ ಶತಮಾನದಲ್ಲಿ ಧರ್ಮದತ್ತಿಗಳು ರಾಷ್ಟ್ರಗಳ ನಡುವಣ ಲೆಕ್ಕಾಚಾರದ ವಸ್ತುಗಳಾದವು. ಬಾಲ್ಕನ್ ಯುದ್ಧಗಳ ನಂತರ 1913ರಲ್ಲಿ ಗ್ರೀಸಿನೊಡನೆ ಆದ ಅಥೆನ್ಸ್ ಒಪ್ಪಂದದಲ್ಲಿ ಮುಫ್ತಿಗಳ ಮತ್ತು ವಕ್ಫುಗಳ ರಕ್ಷಣೆಯ ಮಾತು ಬಂತು. 1923ರ ಲೊಸಾನ್ ಒಪ್ಪಂದ ಟರ್ಕಿಯ ಮುಸ್ಲಿಮೇತರ ಅಲ್ಪಸಂಖ್ಯಾತರಿಗೆ ತಮ್ಮ ಧಾರ್ಮಿಕ ಸಂಸ್ಥೆಗಳನ್ನು ತಾವೇ ನಡೆಸುವ ಹಕ್ಕನ್ನು ಕೊಟ್ಟು, ಅದೇ ಹಕ್ಕುಗಳು ಗ್ರೀಸಿನ ಮುಸ್ಲಿಮರಿಗೂ ಇರುತ್ತವೆಂದಿತು. ಜನರ ಕಡ್ಡಾಯ ವಿನಿಮಯದಿಂದ ಇಸ್ತಾಂಬುಲಿನ ಗ್ರೀಕರನ್ನೂ ಪಶ್ಚಿಮ ಥ್ರೇಸಿನ ಮುಸ್ಲಿಮರನ್ನೂ ಹೊರಗಿಡಲಾಗಿತ್ತು. ಎರಡೂ ಕಡೆಯ ಅಲ್ಪಸಂಖ್ಯಾತರಿಗೆ ಸಮಾನ ರಕ್ಷಣೆ ಕೊಡುವುದು ಇದರ ಆಶಯ. ನಡೆದದ್ದು ಬೇರೆ. ಸಮಾನ ರಕ್ಷಣೆಯ ತತ್ತ್ವ ಸಮಾನ ಶಿಕ್ಷೆಯ ತತ್ತ್ವವಾಗಿ ತಿರುಗಿತು. ಒಂದು ಕಡೆಯ ಸರ್ಕಾರ ತನ್ನ ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಹಿಂಡಿದಾಗ ಇನ್ನೊಂದು ಕಡೆಯ ಸರ್ಕಾರ ತನ್ನಲ್ಲಿರುವವರನ್ನು ಹಿಂಡಲು ಅದನ್ನೇ ನೆಪ ಮಾಡಿಕೊಂಡಿತು. ಗಡಿಯಾಚೆಯ ‘ನಮ್ಮವರ’ ಹಕ್ಕಿನ ಹೆಸರಿನಲ್ಲಿ ಬೆಲೆ ತೆತ್ತವರು ಗಡಿಯೀಚೆಯ ‘ಅವರವರು’.

ಟರ್ಕಿಯ ಉದಾಹರಣೆ ಇಲ್ಲಿ ಬಹಳ ಬೋಧಪ್ರದವಾಗಿದೆ. ಒಟ್ಟೊಮಾನ್ ವಕ್ಫುಗಳ ಸಚಿವಾಲಯವನ್ನು 1924ರಲ್ಲಿ ರದ್ದುಪಡಿಸಿದ್ದು ಹೊಸ ಗಣರಾಜ್ಯವೇ. ಮುಸ್ಲಿಮೇತರ ದತ್ತಿಸಂಸ್ಥೆಗಳಿಂದ 1936ರಲ್ಲಿ ಆಸ್ತಿಗಳ ಘೋಷಣಾಪತ್ರಗಳನ್ನು ಬರೆಸಿಕೊಳ್ಳಲಾಯಿತು. 1974ರಲ್ಲಿ ಅಲ್ಲಿಯ ಉನ್ನತ ನ್ಯಾಯಾಲಯ ಆ ಪತ್ರಗಳನ್ನೇ ಸಂಸ್ಥೆಗಳ ನಿಬಂಧನಾಪತ್ರವೆಂದು ಪರಿಗಣಿಸಿತು. ಪರಿಣಾಮವಾಗಿ 1936ರ ನಂತರ ಗ್ರೀಕ್, ಅರ್ಮೇನಿಯನ್, ಯೆಹೂದಿ ಸಂಸ್ಥೆಗಳು ಕೊಂಡ ಅಥವಾ ದಾನವಾಗಿ ಪಡೆದ ಆಸ್ತಿಗಳು ಒಂದೊಂದಾಗಿ ಕೈಬಿಟ್ಟುಹೋದವು. 2008ರ ದತ್ತಿಸಂಸ್ಥೆಗಳ ಕಾಯಿದೆ ಮತ್ತು 2011ರ ಆದೇಶ ಈ ಅನ್ಯಾಯವನ್ನು ಭಾಗಶಃ ಸರಿಪಡಿಸಿದವು. ಬ್ಯುಯುಕಾದಾ ದ್ವೀಪದ ಗ್ರೀಕ್ ಅನಾಥಾಲಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತೀರ್ಪಿನ ನಂತರ 2010ರಲ್ಲಿ ಧರ್ಮಪೀಠಕ್ಕೆ ಮರಳಿತು. ಅಷ್ಟರಲ್ಲಿ ಆ ಬೃಹತ್ ಮರದ ಕಟ್ಟಡ ಬರಿದಾಗಿ ಶಿಥಿಲವಾಗಿತ್ತು. 2015ರಲ್ಲಿ, ಈಗ ಲೆಬನಾನಿನಲ್ಲಿ ನೆಲೆಸಿರುವ ಅರ್ಮೇನಿಯನ್ನರ ಸಿಲಿಸಿಯಾ ಪೀಠ, ಸಿಸ್ ಎಂಬಲ್ಲಿದ್ದ ತನ್ನ ಪ್ರಾಚೀನ ಕೇಂದ್ರಕ್ಕಾಗಿ ಟರ್ಕಿಯ ಸಂವಿಧಾನ ನ್ಯಾಯಾಲಯದ ಮೊರೆಹೊಕ್ಕಿತು.

ಇದೇ ಅವಧಿಯಲ್ಲಿ ಟರ್ಕಿ ಬಾಲ್ಕನ್ ದೇಶಗಳಲ್ಲಿ ಒಟ್ಟೊಮಾನ್ ಕಾಲದ ಮಸೀದಿ, ಗೋರಿ, ಸೇತುವೆಗಳನ್ನು ‘ಪೂರ್ವಿಕರ ಉಳಿಕೆ’ಯೆಂದು ಕರೆದು ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿತು. 1992ರಲ್ಲಿ ಸ್ಥಾಪನೆಯಾದ ಟೀಕಾ ಎಂಬ ಸರ್ಕಾರಿ ನೆರವು ಸಂಸ್ಥೆ ಈ ಕೆಲಸದ ಮುಂಚೂಣಿಯಲ್ಲಿದೆ. ಬುಡಾಪೆಸ್ಟಿನ ಗುಲ್ ಬಾಬಾ ಗೋರಿ ಇದಕ್ಕೆ ಒಳ್ಳೆಯ ನಿದರ್ಶನ. 1541ರಲ್ಲಿ ತೀರಿಕೊಂಡ ಈ ಬೆಕ್ತಾಶಿ ಫಕೀರನ ಗೋರಿ, 1686ರ ನಂತರ ಜೆಸ್ಯೂಟ್ ಪಾದ್ರಿಗಳ ಪ್ರಾರ್ಥನಾಮಂದಿರವಾಗಿತ್ತು. ಹಂಗೇರಿ ಮತ್ತು ಟರ್ಕಿ ಕೂಡಿ ನಡೆಸಿದ ಜೀರ್ಣೋದ್ಧಾರದ ನಂತರ 2018ರಲ್ಲಿ ಎರಡೂ ದೇಶಗಳ ನಾಯಕರು ಅದನ್ನು ಮತ್ತೆ ತೆರೆದರು. ದಾವುದ್ ಹೋಜಾನ ಪತ್ರಗಳಿಗೆ ಯಾವ ಹಂಗೇರಿಯ ಕಾರಣದಿಂದ ಉತ್ತರ ಬರಲಿಲ್ಲವೋ ಆ ಹಂಗೇರಿಗೆ ಮುನ್ನೂರು ವರ್ಷಗಳ ಬಳಿಕ ಹಣ ಹೋದದ್ದು ವಿಚಿತ್ರ ನ್ಯಾಯ. ಕೆಲಸ ಅಚ್ಚುಕಟ್ಟಾದುದೇ. ಆದರೆ ಹಣದ ಹರಿವು ಈಗ ತಿರುಗಿದೆಯೆಂಬುದನ್ನು ಗಮನಿಸಬೇಕು. ಹಿಂದೆ ದತ್ತಿಯ ಆದಾಯ ದಾರಿಹೋಕನಿಗೆ ಸಲ್ಲುತ್ತಿತ್ತು. ಈಗ ಸರ್ಕಾರದ ಹಣ ಗೋರಿಗೆ ಸಲ್ಲುತ್ತದೆ, ಅದರ ಪ್ರತಿಫಲ ಸರ್ಕಾರದ ಕೀರ್ತಿಗೆ ಸಲ್ಲುತ್ತದೆ.

4

ಕಾದಂಬರಿಗೆ ಮರಳೋಣ. ದಾವುದ್ ಹೋಜಾನ ವಂಶದಲ್ಲಿ ಬಂದ ಅಲಿಹೋಜಾ ಕೃತಿಯ ಉತ್ತರಾರ್ಧದ ಮುಖ್ಯ ವ್ಯಕ್ತಿ. ನೋಡಿಕೊಳ್ಳಲು ಅವನಿಗೆ ಛತ್ರವಿಲ್ಲ. ಸೇತುವೆಯ ಬಳಿ ಒಂದು ಅಂಗಡಿ ಇಟ್ಟುಕೊಂಡು, ಮನಸ್ಸಿನಲ್ಲಿ ಮಾತ್ರ ಮುತವಲ್ಲಿಯಾಗಿ ಉಳಿದವನು. 1878ರಲ್ಲಿ ಆಸ್ಟ್ರಿಯದ ಸೈನ್ಯ ಬರುವಾಗ, ಹೊರಗಿನಿಂದ ಬಂದ ಕರಮಾನ್ಲಿ ಎಂಬ ಮುಂದಾಳು ಪಟ್ಟಣದವರನ್ನು ಹೋರಾಟಕ್ಕೆ ಎಬ್ಬಿಸಲು ನೋಡುತ್ತಾನೆ. ಗೆಲ್ಲಲಾಗದ ಕಾಳಗದಲ್ಲಿ ಊರನ್ನು ಬಲಿಕೊಡಬಾರದೆಂದ ಅಲಿಹೋಜಾನ ಕಿವಿಯನ್ನು ಸೇತುವೆಯ ಮರದ ತೊಲೆಗೆ ಮೊಳೆ ಹೊಡೆದು ಸಿಕ್ಕಿಸುತ್ತಾರೆ. ಕರಮಾನ್ಲಿ ಹೊರಟುಹೋಗುತ್ತಾನೆ. ಮೊಳೆ ಕೀಳುವವನು ಆಸ್ಟ್ರಿಯದ ಸೈನ್ಯದ ವೈದ್ಯಕೀಯ ಸೇವಕ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಮತಾಂಧತೆಯ ಎದುರು ವಿವೇಕದ ಸೋಲೆಂದು ಓದುತ್ತಾರೆ. ಪಾಳುಛತ್ರವನ್ನು ನೆನಪಿನಲ್ಲಿಟ್ಟು ಓದಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಸಾಮ್ರಾಜ್ಯದ ಹೆಸರಿನಲ್ಲಿ ಹಕ್ಕು ಸ್ಥಾಪಿಸುವವನೊಬ್ಬ, ಊರಿನಲ್ಲಿ ಉಳಿದು ಬಾಳಬೇಕಾದವನೊಬ್ಬ. ಹಕ್ಕಿನವನಿಗೆ ಸೇತುವೆ ಒಂದು ಗಡಿರೇಖೆ. ಉಳಿದವನಿಗೆ ಅದು ತನ್ನ ಅಜ್ಜಂದಿರು ನೋಡಿಕೊಂಡ ಧರ್ಮಕಾರ್ಯ. ಗಡಿಯಾಚೆಯ ಹಕ್ಕುದಾರನ ಆವೇಶದ ಗಾಯ ಉಳಿದವನ ಮೈಮೇಲೆ ಬೀಳುತ್ತದೆ ಎಂಬುದನ್ನು ಇಷ್ಟು ಮೂರ್ತವಾಗಿ ಹೇಳಿದ ಪುಟಗಳು ವಿರಳ.

ಇಷ್ಟನ್ನು ಕಂಡ ಆಂಡ್ರಿಚ್ ಮುಂದಿನ ಹೆಜ್ಜೆ ಇಡುವುದಿಲ್ಲ. ಅಲಿಹೋಜಾ ಒಂಟಿ, ಹೊಸ ಆಡಳಿತ ರಸ್ತೆ ಅಗೆದಾಗ, ಸೇತುವೆಯ ಕಂಬದಲ್ಲಿ ಸಿಡಿಮದ್ದು ಇಟ್ಟಾಗ ಗೊಣಗುತ್ತಾನೆ, ನಿಡುಸುಯ್ಯುತ್ತಾನೆ. 1914ರಲ್ಲಿ ಸೇತುವೆ ಸಿಡಿದಾಗ ಮನೆಯ ಕಡೆ ಏರು ಹತ್ತುತ್ತಾ ಸಾಯುತ್ತಾನೆ. ಅವನ ಸಾವಿನೊಡನೆ ಕಾದಂಬರಿಯೂ ಮುಗಿಯುತ್ತದೆ. ವಕ್ಫಿನ ಲೋಕವೇ ಅವನೊಡನೆ ಮುಗಿಯಿತೆಂಬ ಭಾವ ಓದುಗನಲ್ಲಿ ಉಳಿಯುತ್ತದೆ. ಚರಿತ್ರೆ ಹಾಗಿರಲಿಲ್ಲ. ಆಸ್ಟ್ರಿಯ-ಹಂಗೇರಿಯ ಸರ್ಕಾರ ವಕ್ಫುಗಳ ಆಡಳಿತವನ್ನು ತನ್ನ ಹಿಡಿತಕ್ಕೆ ತಂದುಕೊಂಡಾಗ ಬೋಸ್ನಿಯದ ಮುಸ್ಲಿಮರು 1899ರಿಂದ ಹತ್ತು ವರ್ಷ ಸ್ವಾಯತ್ತತೆಯ ಚಳವಳಿ ನಡೆಸಿದರು. ಮೊಸ್ತಾರಿನ ಮುಫ್ತಿ ಅಲಿ ಫೆಹ್ಮಿ ಜಾಬಿಚ್ ಅದರ ಮುಂದಾಳು. 1902ರಲ್ಲಿ ಅವನು ಇಸ್ತಾಂಬುಲಿಗೆ ಹೋದಾಗ ಸರ್ಕಾರ ಅವನಿಗೆ ಮರಳುವ ದಾರಿಯನ್ನೇ ಮುಚ್ಚಿತು. ಆದರೂ ಚಳವಳಿ ನಿಲ್ಲಲಿಲ್ಲ. 1909ರಲ್ಲಿ ವಕ್ಫು ಮತ್ತು ಶಿಕ್ಷಣಸಂಸ್ಥೆಗಳನ್ನು ಸಮುದಾಯವೇ ಚುನಾಯಿತ ಪ್ರತಿನಿಧಿಗಳ ಮೂಲಕ ನಡೆಸುವ ನಿಯಮಾವಳಿಗೆ ಮಂಜೂರಾತಿ ದೊರೆಯಿತು. ಕೈಬಿಟ್ಟ ಸಾಮ್ರಾಜ್ಯದ ಉತ್ತರಕ್ಕಾಗಿ ಕಾಯದೆ, ತಾವು ಪ್ರಜೆಗಳಾಗಿರುವ ರಾಜ್ಯದೊಡನೆಯೇ ವ್ಯವಹರಿಸಿ ತಮ್ಮ ದತ್ತಿಗಳನ್ನು ಉಳಿಸಿಕೊಂಡ ಸಮುದಾಯವೊಂದರ ಕಥೆ ಇದು. ಅಲಿಹೋಜಾನ ಪೀಳಿಗೆಯೇ ಇದನ್ನು ಸಾಧಿಸಿತು. ಅಲಿಹೋಜಾನ ಕಥೆಯಲ್ಲಿ ಇದಕ್ಕೆ ಸ್ಥಾನವಿಲ್ಲ.

ಈ ಕೊರತೆ ಕೇವಲ ಕಥನದ ಆಯ್ಕೆಯಲ್ಲ. 1924ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಆಂಡ್ರಿಚ್ ತುರ್ಕಿ ಆಳ್ವಿಕೆ ಬೋಸ್ನಿಯದ ಆತ್ಮಿಕ ಬದುಕನ್ನು ಕುಂಠಿತಗೊಳಿಸಿತೆಂದು ವಾದಿಸಿದ್ದ. ಕಾದಂಬರಿಕಾರ ಆ ಪ್ರಬಂಧಕಾರನಿಗಿಂತ ಬಹಳ ಉದಾರಿ, ನಿಜ. ಆದರೂ ಅವನ ಮುಸ್ಲಿಮರು ಹೋದ ಸಾಮ್ರಾಜ್ಯದ ಉಳಿಕೆಗಳಾಗಿಯೇ ಕಾಣುತ್ತಾರೆ, ಮುಂದಿನ ಕಾಲವನ್ನು ಕಟ್ಟಿಕೊಳ್ಳುವವರಾಗಿ ಅಲ್ಲ. ಮುಹ್ಸಿನ್ ರಿಜ್ವಿಚ್‌ನಂಥ ವಿಮರ್ಶಕರು ಆಂಡ್ರಿಚ್‌ನ ಕಥಾಲೋಕದ ಮುಸ್ಲಿಮರ ಚಿತ್ರಣವನ್ನು ಕುರಿತು ಕಟುವಾಗಿ ಬರೆದಿದ್ದಾರೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಾಗಿಲ್ಲ. ದಾವುದ್ ಹೋಜಾನನ್ನು ಸೃಷ್ಟಿಸಿದವನನ್ನು ದ್ವೇಷಿಯೆನ್ನುವುದು ಅಸಾಧ್ಯ. ಆದರೆ ಒಂದು ಸಮುದಾಯವನ್ನು ‘ಉಳಿಕೆ’ಯೆಂದು ನೋಡುವ ದೃಷ್ಟಿಯ ಅಪಾಯ ಮಾತ್ರ ಸಣ್ಣದಲ್ಲ. ಹೊರಗಿನಿಂದ ಬಂದು ‘ನಮ್ಮ ಉಳಿಕೆ’ ಎನ್ನುವವನೂ, ಒಳಗಿದ್ದು ‘ಪರರ ಉಳಿಕೆ, ತೊಲಗಲಿ’ ಎನ್ನುವವನೂ ಒಂದೇ ಕಲ್ಪನೆಯ ಮೇಲೆ ನಿಂತಿರುತ್ತಾರೆ.

ವಿಶೆಗ್ರಾದಿನಲ್ಲಿ ಈ ಕಲ್ಪನೆಯ ಫಲ ಕಂಡದ್ದು 1992ರಲ್ಲಿ. ಪಟ್ಟಣದ ಮುಸ್ಲಿಮರನ್ನು ಅದೇ ಸೇತುವೆಯ ಮೇಲೆ ಕೊಂದು ದ್ರಿನಾ ನದಿಗೆ ಎಸೆದರು, ಮನೆಗಳಲ್ಲಿ ಕೂಡಿಹಾಕಿ ಸುಟ್ಟರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪುಗಳಲ್ಲಿ ಇದರ ವಿವರಗಳು ದಾಖಲಾಗಿವೆ. ಮಸೀದಿಗಳು ನೆಲಸಮವಾದವು. ಸೇತುವೆ ಮಾತ್ರ ನಿಂತಿತು. 2007ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಂತರ ಟರ್ಕಿಯ ನೆರವಿನಿಂದ ಜೀರ್ಣೋದ್ಧಾರವೂ ಆಯಿತು. ಅದರ ಹತ್ತಿರವೇ, 2014ರಲ್ಲಿ ಆಂಡ್ರಿಚ್‌ನ ಹೆಸರಿನ ಪ್ರವಾಸಿ ಪಟ್ಟಣವೊಂದು ತೆರೆಯಿತು. ಕಲ್ಲಿಗೆ ಆರೈಕೆ ದೊರೆತಿದೆ. ಆ ಕಲ್ಲನ್ನು ತಮ್ಮ ಧರ್ಮಕಾರ್ಯವೆಂದು ಬಗೆದಿದ್ದ ಜನ ಪಟ್ಟಣದಲ್ಲಿ ವಿರಳರಾಗಿದ್ದಾರೆ.

5

ಇದರ ಪಕ್ಕದಲ್ಲಿ ಬಾನ್ಯಾಲೂಕಾ ನಗರದ ಫೆರ್ಹಾದಿಯಾ ಮಸೀದಿಯನ್ನು ಇಡಬೇಕು. 1579ರ ಈ ಕಟ್ಟಡವನ್ನು 1993ರ ಮೇ 7ರಂದು ಸಿಡಿಸಿ, ಕಲ್ಲುಗಳನ್ನು ಕಸದ ತಿಪ್ಪೆಗಳಿಗೆ ಸಾಗಿಸಿದರು. 2001ರ ಮೇ ತಿಂಗಳಿನಲ್ಲಿ ಪುನರ್ನಿರ್ಮಾಣದ ಅಡಿಗಲ್ಲು ಇಡಲು ಬಂದವರ ಮೇಲೆ ಗುಂಪು ದಾಳಿ ನಡೆಯಿತು. ಆಮೇಲೆ ತಿಪ್ಪೆಗಳಿಂದ ಕಲ್ಲುಗಳನ್ನು ಆರಿಸಿ, ಒಂದೊಂದರ ಮೂಲಸ್ಥಾನವನ್ನು ಗುರುತಿಸಿ ಕಟ್ಟಿದರು. 2016ರ ಮೇ 7ರಂದು ಮಸೀದಿ ಮತ್ತೆ ತೆರೆಯಿತು. ಇಲ್ಲಿಯೂ ಟರ್ಕಿಯ ಹಣ ಬಂತು. ಆದರೆ ಕಟ್ಟುವ ಹಠ ಹಿಡಿದವರು ಆ ನಗರಕ್ಕೆ ಹಿಂದಿರುಗಿದ, ಅಲ್ಲಿಯೇ ನಮಾಜು ಮಾಡಬೇಕಾಗಿದ್ದ ಜನ. ಹೊರಗಿನ ನೆರವು ಅವರ ಕೈಗೆ ಬಲವಾಯಿತು, ಅವರ ಸ್ಥಾನವನ್ನು ಆಕ್ರಮಿಸಲಿಲ್ಲ. ಮರುಪಡೆಯುವಿಕೆಗೆ ಅರ್ಥ ಬರುವುದು ಈ ಕ್ರಮದಲ್ಲಿ: ಮೊದಲು ಬಳಸುವ ಜನ, ಆಮೇಲೆ ಪಾಲಕ, ಆಮೇಲೆ ಆದಾಯ, ಕೊನೆಗೆ ಕಲ್ಲು. ರಾಷ್ಟ್ರಗಳು ಇದನ್ನು ತಲೆಕೆಳಗಾಗಿ ಹಿಡಿದಿವೆ.

ನಮ್ಮ ಗಡಿಸೀಮೆಯ ಓದುಗರಿಗೆ ಈ ಮಾತು ಅಪರಿಚಿತವಲ್ಲ. 1956ರಲ್ಲಿ ಗೆರೆ ಎಳೆದಾಗ ಮಠ, ದೇವಸ್ಥಾನ, ಬಸದಿ, ದರ್ಗಾಗಳು ಇದ್ದಲ್ಲೇ ಇದ್ದವು, ರಾಜ್ಯ ಬದಲಾಯಿತು. ದೇಶ ಒಂದೇ ಆದುದರಿಂದ ಬೋಸ್ನಿಯದ ದುರಂತದೊಡನೆ ಹೋಲಿಸುವುದು ಸಲ್ಲದು. ಆದರೂ ಕಾಸರಗೋಡಿನ ಎಡನೀರು ಮಠದ ಪ್ರಕರಣ ಇಲ್ಲಿ ನೆನಪಾಗದೆ ಇರದು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಗೆ ಕುತ್ತು ಬಂದಾಗ ಪೀಠಾಧಿಪತಿ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ಏಳು-ಆರರ ಬಹುಮತದಿಂದ ಸಂವಿಧಾನದ ಮೂಲರಚನೆಯ ಸಿದ್ಧಾಂತವನ್ನು ಘೋಷಿಸಿತು. ದೇಶಕ್ಕೆ ದೊಡ್ಡದೊಂದು ರಕ್ಷೆ ದೊರೆಯಿತು. ಮಠಕ್ಕೆ ಭೂಮಿ ಮರಳಲಿಲ್ಲ. ಉಳುವವರ ಹಕ್ಕಿನ ಪ್ರಶ್ನೆಯೂ ಅದರಲ್ಲಿ ಸೇರಿದ್ದುದರಿಂದ ಆ ನಷ್ಟವನ್ನು ಒಂದು ಭಾಷೆಯ ಮೇಲೆ ಇನ್ನೊಂದು ಭಾಷೆ ಮಾಡಿದ ಅನ್ಯಾಯವೆಂದು ಓದಲು ಬರುವುದಿಲ್ಲ. ಆದಾಯ ಕಡಿದ ಮೇಲೂ ಮಠ ಪಾಳುಬೀಳಲಿಲ್ಲವೆಂಬುದು ಮುಖ್ಯ. ಯಕ್ಷಗಾನ, ತಾಳಮದ್ದಳೆ, ಸಂಗೀತಗಳಿಗೆ ಅದು ನೆರಳಾಗಿ ಉಳಿಯಿತು. 2020ರಲ್ಲಿ ದೇಹಬಿಡುವವರೆಗೆ ಸ್ವಾಮಿಗಳೇ ಆ ಕಲೆಯ ನಡುವೆ ಇದ್ದರು. ಅದನ್ನು ಉಳಿಸಿದ್ದು ಬಳಸುವ ಜನ ಮತ್ತು ನೋಡಿಕೊಳ್ಳುವ ಕೈ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಸಂಪ್ರದಾಯದ ಶ್ಲೋಕಗಳನ್ನು ಶಾಪದ ಮಾತುಗಳೆಂದು ನಾವು ಬೇಗ ದಾಟಿಬಿಡುತ್ತೇವೆ. ಅವುಗಳಲ್ಲಿ ಒಂದು, ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹಿರಿದು ಎನ್ನುತ್ತದೆ. ಇನ್ನೊಂದರಲ್ಲಿ ದಾನಿಯಾದ ಅರಸ, ತನ್ನ ವಂಶದಲ್ಲಿ ಹುಟ್ಟಿದವರಾಗಲಿ ಪರರಾಜರ ವಂಶದವರಾಗಲಿ ಈ ಧರ್ಮವನ್ನು ಪಾಲಿಸುವವರಿಗೆ ಕೈಮುಗಿಯುತ್ತಾನೆ. ಆ ನೆಲ ಎಂದೋ ಒಂದು ದಿನ ಪರರ ಆಳ್ವಿಕೆಗೆ ಸೇರುತ್ತದೆಂದು ಅವನಿಗೆ ಗೊತ್ತಿತ್ತು. ತನ್ನ ವಂಶದವರು ಬಂದು ಅದನ್ನು ಗೆದ್ದುಕೊಳ್ಳಲಿ ಎಂದು ಅವನು ಬರೆಸಲಿಲ್ಲ. ಬರಲಿರುವ ಪರರಾಜನನ್ನೇ ಪಾಲಕನನ್ನಾಗಿ ಬೇಡಿಕೊಂಡ. ಆಂಡ್ರಿಚ್‌ನ ಛತ್ರಕ್ಕೆ ದೊರೆಯದೆ ಹೋದದ್ದು ಅಂಥ ಪರರಾಜ. ಹಂಗೇರಿಯನ್ನು ಗೆದ್ದವರು ದ್ರಿನಾ ತೀರದ ದಾರಿಹೋಕನಿಗೆ ಸಲ್ಲಬೇಕಾದ ಬೆಳೆಯನ್ನು ಕಳಿಸಲಿಲ್ಲ, ಸೋತವರು ಮುತವಲ್ಲಿಯ ಪತ್ರಕ್ಕೆ ಉತ್ತರಿಸಲಿಲ್ಲ. ಚಾವಣಿ ದುರಸ್ತಿ ಮಾಡುತ್ತಿದ್ದ ಮುದುಕನೊಬ್ಬನೇ ಆ ದತ್ತಿಯ ವಾರಸುದಾರನಾಗಿದ್ದ. ಗಡಿಯಾಚೆಯ ದತ್ತಿಗಾಗಿ ದನಿಯೆತ್ತುವ ಯಾವುದೇ ಸರ್ಕಾರವನ್ನು ನಾವು ಕೇಳಬೇಕಾದುದು, ಅಂಥ ಮುದುಕ ಇಂದು ಅಲ್ಲಿ ಯಾರು, ಅವನ ಪತ್ರಕ್ಕೆ ಉತ್ತರ ಬರೆದಿದ್ದೀರಾ ಎಂದು.